ಗೂಡಿನ ಲೆಕ್ಕದ ಪುಸ್ತಕದ ಕೊನೇ ಪುಟ

ಶಿಡ್ಲಘಟ್ಟದಲ್ಲಿ ನಮ್ಮದು ಆರು ಬೇಸಿನ್ನಿನ ಸಣ್ಣ ರೀಲಿಂಗ್ ಯೂನಿಟ್, ರೇಷ್ಮೆ ಗೂಡನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಕಿ ನೂಲು ತೆಗೆಯುವ ಕೆಲಸ. ಮನೆ ಹಿಂದೆಯೇ ಶೆಡ್ಡು. ಲೆಕ್ಕಪತ್ರ ನನ್ನದು. ಕೆಲಸದ ಹೆಂಗಸರಲ್ಲಿ ಯಾರಾದರೂ ಬಾರದ ದಿನ ಬೇಸಿನ್ ಮುಂದೆ ಕೂರುವವಳೂ ನಾನೇ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತೆ. ನೀರು ಎಷ್ಟು ಕಾದಿದೆ ಅಂತ ಕೈ ಅದ್ದಿಯೇ ಹೇಳಬಲ್ಲೆ. ಇದೇ ಕೈಯನ್ನು ನಂಬಿ ಮಗಳ ಮೊದಲ ಜ್ವರದಲ್ಲಿ ಮೋಸ ಹೋದೆ.

ಅವಳಿಗಾಗ 14 ತಿಂಗಳು. ಸಂಜೆ ಶೆಡ್ಡಿನಿಂದ ಬಂದು ಹಣೆ ಮುಟ್ಟಿದೆ, ಏನೂ ಅನ್ನಿಸಲಿಲ್ಲ. ದಿನವಿಡೀ ಬಿಸಿನೀರಿನಲ್ಲಿದ್ದ ಕೈಗೆ ಯಾವ ಹಣೆ ತಾನೇ ಬಿಸಿ ಅನ್ನಿಸೀತು! ಅತ್ತೆ ಕುತ್ತಿಗೆ ಮುಟ್ಟಿ, "ಕಾಯ್ತಾ ಇದೆ ಕಣಮ್ಮಾ" ಅಂದರು. ಪಕ್ಕದ ಮನೆಯಿಂದ ಥರ್ಮಾಮೀಟರ್ ತಂದು ಕಂಕುಳಲ್ಲಿ ಇಟ್ಟರೆ 102.6. ರಾತ್ರಿ ಒಂಬತ್ತಕ್ಕೆ 103.4.

ಆಮೇಲೆ ನಾನು ಮಾಡಿದ್ದೆಲ್ಲ ಅಳೆಯುವ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್. ಮಗು ಕಣ್ಣು ಮುಚ್ಚಿದರೆ ಎಬ್ಬಿಸಿ ಇನ್ನೊಂದು ಸಲ. ಸಿರಪ್ಪು ಕೊಟ್ಟು ಕಾಲು ಗಂಟೆಯೂ ಆಗಿರಲಿಲ್ಲ, "ಇನ್ನೂ ಇಳಿದಿಲ್ಲವಲ್ಲ" ಅಂತ ಒದ್ದಾಟ. ಫ್ರಿಜ್ಜಿನ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ, ಮಗು ಗಡಗಡ ನಡುಗಿತು. ನಡುಕ ನೋಡಿ ಅತ್ತೆ ಕಂಬಳಿ ಹೊದಿಸಿದರು. ನಾನು ಎಳೆದು ತೆಗೆದೆ. ಅವರು ಮತ್ತೆ ಹೊದಿಸಿದರು. ಅಷ್ಟರಲ್ಲಿ ಸಿರಪ್ಪು ಖಾಲಿಯಾಯಿತು. ಬಾಗಿಲು ಹಾಕುತ್ತಿದ್ದ ಮೆಡಿಕಲ್ ಸ್ಟೋರಿನವರನ್ನು ನಿಲ್ಲಿಸಿ ನಮ್ಮನೆಯವರು ಇನ್ನೊಂದು ಬಾಟಲಿ ತಂದರು. ಅದರಲ್ಲೂ ಅದೇ 5 ಎಂಎಲ್ ಕೊಟ್ಟೆ.

ಒಂದೂವರೆ ಗಂಟೆಗೆ ತಡೆಯಲಾಗದೆ ಬೈಕಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೊರಟೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ ಬಾಗಿಲಲ್ಲೇ "103.4 ಮೇಡಂ" ಅಂದೆ. ತೂಕ ಎಷ್ಟು ಅಂದರು. ಗೊತ್ತಿರಲಿಲ್ಲ. ಕೊನೇ ಸಲ ಉಚ್ಚೆ ಯಾವಾಗ ಹೊಯ್ತು? ಗೊತ್ತಿರಲಿಲ್ಲ. ಏನು ಕುಡಿದಳು? ಔಷಧಿ ಕೊಟ್ಟಿದ್ದು ಎಷ್ಟು ಗಂಟೆಗೆ? ನಾನು ಹತ್ತಕ್ಕೆ ಅಂದೆ, ಇವರು ಹತ್ತೂವರೆಗೆ ಅಂದರು. ನಾನು ಮತ್ತೆ "103.4" ಅಂದೆ.

ತೂಕ ಮಾಡಿದರು, 9.4 ಕೆಜಿ. ಚೀಲದಲ್ಲಿದ್ದ ಎರಡೂ ಬಾಟಲಿ ಮೇಜಿನ ಮೇಲಿಟ್ಟು ಲೇಬಲ್ ತೋರಿಸಿದರು. ಎರಡೂ ಪ್ಯಾರಾಸಿಟಮಾಲೇ. ಹಳೇದರಲ್ಲಿ 5 ಎಂಎಲ್‌ಗೆ 120 ಎಂಜಿ, ಹೊಸದರಲ್ಲಿ 5 ಎಂಎಲ್‌ಗೆ 250. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಎಂಜಿ ಲೆಕ್ಕವಂತೆ. ಅಂದರೆ ನನ್ನ ಮಗಳಿಗೆ ಹೆಚ್ಚೆಂದರೆ 141. ಹೊಸ ಬಾಟಲಿಯಲ್ಲಿ ನಾನು ಹತ್ತಿರತ್ತಿರ ಎರಡರಷ್ಟು ಕೊಟ್ಟಿದ್ದೆ. ರೇಷ್ಮೆ ಗೂಡು ಕೊಳ್ಳುವಾಗ ಕೆಜಿಗೆ ಐದು ರೂಪಾಯಿ ಹೆಚ್ಚುಕಮ್ಮಿಯಾದರೆ ಜಗಳಕ್ಕೆ ನಿಲ್ಲುವವಳು ನಾನು!

"ಒಂದು ಸಲಕ್ಕೆ ಏನೂ ಆಗಲ್ಲ, ಅಳಬೇಡಿ. ಇದೇ ತರ ದಿನಕ್ಕೆ ನಾಲ್ಕೈದು ಸಲ, ಮೂರು ದಿನ ಕೊಟ್ಟಿದ್ರೆ ಲಿವರ್‌ಗೆ ಪೆಟ್ಟಾಗೋದು" ಅಂದರು. ಅಷ್ಟು ಹೊತ್ತಿಗೆ ನಮ್ಮ ಪುಟ್ಟಿ ಅವರ ಕೊರಳಲ್ಲಿದ್ದ ಸ್ಟೆತಾಸ್ಕೋಪು ಎಳೆಯುತ್ತಿದ್ದಳು. ಅದನ್ನು ಬಿಡಿಸಿಕೊಳ್ಳದೆ, "ನೋಡಿ, ಆಟ ಆಡ್ತಾ ಇದಾಳೆ. ನೀವು ಹೇಳಿದ ನಂಬರಿಗಿಂತ ನನಗೆ ಇದು ಮುಖ್ಯ" ಅಂದರು. ಗಂಟಲು ಕೆಂಪಾಗಿತ್ತು, ವೈರಲ್ ಜ್ವರ. ಚೀಟಿ ಬರೆಯುತ್ತಾ ತಲೆ ಎತ್ತದೆ ಕೇಳಿದರು: "ನಿಮಗೆ ಹೆದರಿಕೆ ಜ್ವರದ್ದಾ, ಇನ್ನೇನಾದ್ರೂ ಇದೆಯಾ?"

ಇತ್ತು. ನನ್ನ ಮದುವೆಯಾದ ಹೊಸತರಲ್ಲಿ ನಾದಿನಿಯ ಮಗನಿಗೆ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಯಾರೋ ಬೀಗದ ಕೈ ಗೊಂಚಲು ತಂದು ಮುಷ್ಟಿಯಲ್ಲಿಟ್ಟರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ತುರುಕಲು ಹೋಗಿ ತುಟಿ ಕಿತ್ತುಹೋಯಿತು. ಆ ಹುಡುಗ ಈಗ ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಾನೆ, ಏನೂ ಆಗಿಲ್ಲ. ಆದರೆ ಆ ಚಮಚ ನನ್ನ ಕಣ್ಣಿಂದ ಹೋಗಿರಲಿಲ್ಲ. ಪಾದರಸ ಒಂದು ಗೆರೆ ಏರಿದರೂ ನನಗೆ ಕಾಣುತ್ತಿದ್ದದ್ದು ಆ ಚಮಚವೇ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು. ಜ್ವರದ ಫಿಟ್ಸ್ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಬರುವಂಥದ್ದು, ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ. ಬಹುಪಾಲು 5 ನಿಮಿಷದೊಳಗೆ ತಾನಾಗಿ ನಿಲ್ಲುತ್ತೆ, ಬುದ್ಧಿಗೆ ಏಟಾಗುವುದಿಲ್ಲ. ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ 108ಕ್ಕೆ ಫೋನ್. ಬೇಗ ನಿಂತರೂ, ಮೊದಲ ಸಲವಾದರೆ, ಅದೇ ಹೊತ್ತಿಗೆ ಡಾಕ್ಟರಿಗೆ ತೋರಿಸಬೇಕು. ಕೊನೆಗೆ ಅವರು ಹೇಳಿದ ಮಾತು ನನಗೆ ಬೇಕಿತ್ತು: ಔಷಧಿ ಕೊಟ್ಟು ಜ್ವರ ಇಳಿಸಿದರೆ ಫಿಟ್ಸ್ ಬರುವುದಿಲ್ಲ ಅನ್ನುವ ಖಾತ್ರಿ ಏನೂ ಇಲ್ಲ. ಸಿರಪ್ಪು ಮಗುವಿನ ಮೈಕೈ ನೋವು ಕಮ್ಮಿಯಾಗಿ ನಾಲ್ಕು ಗುಟುಕು ಕುಡಿಯಲಿ, ಮಲಗಲಿ ಅಂತ. ಕೇಳಿದರೆ ಹೆದರಿಕೆ ಹೆಚ್ಚಾಗಬೇಕಿತ್ತು. ನನಗೆ ಮಾತ್ರ ಹೆಗಲ ಮೇಲಿನ ಗೂಡಿನ ಮೂಟೆ ಇಳಿಸಿದಂತಾಯಿತು. ರಾತ್ರಿಯೆಲ್ಲಾ 98.6ರ ಹಿಂದೆ ಓಡಿ ನಾನು ಏನನ್ನೋ ತಡೆಯುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಆ ಓಟವೇ ಬೇಕಿರಲಿಲ್ಲ.

ಬೆಳಿಗ್ಗೆ ಮನೆಗೆ ಬಂದವಳೇ ಗೂಡಿನ ಲೆಕ್ಕದ ಪುಸ್ತಕ ತೆಗೆದೆ. ಮುಂದಿನ ಪುಟಗಳಲ್ಲಿ ಲಾಟು ನಂಬರು, ಕೆಜಿ, ರೇಟು, ರೆಂಡಿಟ್ಟಾ (ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹಿಡಿಯಿತು ಅನ್ನುವ ಲೆಕ್ಕ). ಕೊನೇ ಪುಟ ತಿರುಗಿಸಿ ಸ್ಕೇಲಿಟ್ಟು ಗೆರೆ ಹಾಕಿದೆ: ಗಂಟೆ, ಜ್ವರ, ಔಷಧಿ, ಕುಡಿದದ್ದು, ಉಚ್ಚೆ, ಹೇಗಿದ್ದಾಳೆ. ಅತ್ತೆ ನೋಡಿ, "ಮಗೂನೂ ಲಾಟಿಗೆ ಹಾಕಿದ್ಯೇನಮ್ಮಾ?" ಅಂತ ನಕ್ಕರು. ಔಷಧಿ ಬಾಟಲಿಗೆ ಬಿಳಿ ಟೇಪು ಸುತ್ತಿ ತೂಕ, ಎಂಜಿ, ಎಂಎಲ್ ಮೂರನ್ನೂ ಬರೆದೆ. ಮಗುವಿನ ತೂಕ ಏರಿದ ಹಾಗೆ ಡಾಕ್ಟರನ್ನು ಕೇಳಿ ಟೇಪು ಬದಲಿಸುತ್ತೇನೆ. ಮನೆಯಲ್ಲಿ ಒಂದೇ ಅಳತೆಯ ಸಿರಪ್ಪು, ಎರಡನೇದು ಒಳಗೆ ಬರುವಂತಿಲ್ಲ.

ಆ ಪುಟದಲ್ಲಿ ಕಷ್ಟದ್ದು ಕೊನೇ ಕಾಲಂ. ಜ್ವರ ಎಷ್ಟು ಅಂತ ಬರೆಯೋದು ಸುಲಭ. "ಹೇಗಿದ್ದಾಳೆ" ಅಂತ ಬರೆಯಬೇಕಾದರೆ ಮಗುವನ್ನು ನೋಡಲೇಬೇಕು. ಎರಡನೇ ಜ್ವರದ ಸಾಲುಗಳು ಈಗಲೂ ಇವೆ: "11.20, 102.2, ಕೊಟ್ಟೆ, ಎಳನೀರು ಅರ್ಧ ಲೋಟ, ಹೊಯ್ದಳು, ಕಿರಿಕಿರಿ, ಎತ್ತಿಕೊಂಡರೆ ಸುಮ್ಮನೆ." ಅದರ ಕೆಳಗೆ "12.30, 100.8, ಗೊಂಬೆ ಕೇಳಿದಳು." ಔಷಧಿ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಇಳಿದರೂ ಎರಡು ಮೂರು ಡಿಗ್ರಿ ಇಳಿಯುತ್ತೆ ಅಷ್ಟೆ ಅನ್ನೋದು ಇಂಥ ಸಾಲುಗಳಿಂದ ನನಗೇ ಕಂಡಿತು. ಬರೆದ ಮೇಲೆ ಮುಂದಿನ ಸಾಲಿಗೆ ಹೊತ್ತಿದೆ ಅನ್ನಿಸುತ್ತೆ, ಆ ನಡುವೆ ಥರ್ಮಾಮೀಟರ್ ಮುಟ್ಟುವುದಿಲ್ಲ. ಮಲಗಿದ ಮಗುವನ್ನು ಎಬ್ಬಿಸುವುದೂ ಇಲ್ಲ.

ಆ ಎರಡನೇ ಜ್ವರದ ರಾತ್ರಿ ಎರಡರ ಸುಮಾರಿಗೆ ಅವಳ ಉಸಿರು ಜೋರಾಗಿದೆ ಅನ್ನಿಸಿತು. ಎದೆ ಧಸಕ್ ಅಂದಿತು. ಲಂಗ ಮೇಲೆತ್ತಿ, ಟಾರ್ಚಿನ ಬೆಳಕು ಗೋಡೆಗೆ ಬಿಟ್ಟು, ಹೊಟ್ಟೆ ಏರಿಳಿಯೋದನ್ನು ಎಣಿಸಿದೆ. ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದಲ್ಲ. ಒಂದು ವರ್ಷ ದಾಟಿದ ಮಗುವಿಗೆ ನಿಮಿಷಕ್ಕೆ 40 ಮುಟ್ಟಿದರೆ, ಇಲ್ಲಾ ಉಸಿರೆಳೆದಾಗ ಪಕ್ಕೆ ಕೆಳಗೆ ಗುಳಿ ಬಿದ್ದರೆ ಆಸ್ಪತ್ರೆಗೆ ಅಂತ ಹೇಳಿಸಿಕೊಂಡಿದ್ದೆ. 34. ನಂಬಿಕೆ ಬಾರದೆ ಇನ್ನೊಂದು ನಿಮಿಷ ಎಣಿಸಿದೆ. 33. ಎಣಿಸುತ್ತಾ ಎಣಿಸುತ್ತಾ ನನ್ನ ಉಸಿರೂ ಹದಕ್ಕೆ ಬಂದಿತ್ತು. ಈಗ ಹೆದರಿಕೆ ಬಂದಾಗೆಲ್ಲಾ ಮೊದಲು ಮಾಡುವುದು ಇದನ್ನೇ.

ಗಂಡ ಹೆಂಡತಿ ಇಬ್ಬರೂ ಎದ್ದಿದ್ದ ಮಾತ್ರಕ್ಕೆ ಮಗು ಬೇಗ ವಾಸಿಯಾಗಲ್ಲ ಅನ್ನೋದನ್ನು ಒಪ್ಪಿಕೊಳ್ಳಲು ನನಗೆ ತಡವಾಯಿತು. ಹತ್ತರಿಂದ ಎರಡು ಇವರು, ಎರಡರಿಂದ ಆರು ನಾನು. ಮಲಗುವವರು ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ನನ್ನ ಫೋನು ಅಕ್ಕಿ ಡಬ್ಬದ ಮೇಲೆ. ರಾತ್ರಿ ಹುಡುಕಲು ಕೂತರೆ ಮಾಮೂಲಿ ಜ್ವರ ಅರ್ಧ ಗಂಟೆಯಲ್ಲಿ ಮೆದುಳು ಜ್ವರ ಆಗಿರುತ್ತೆ. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೆಳಿಗ್ಗೆ ಒಂದೇ ಮೆಸೇಜು, ಅದೂ ಇವರೇ ಹಾಕೋದು. ಉತ್ತರಗಳನ್ನು ನಾನು ಓದುವುದಿಲ್ಲ.

ಅತ್ತೆಯ ಜೊತೆಗಿನ ಕಂಬಳಿ ಜಗಳವೂ ಒಂದು ರಾಜಿಗೆ ಬಂತು. ನಡುಗುವಾಗ ತೆಳು ಹೊದಿಕೆ, ನಡುಕ ನಿಂತ ಮೇಲೆ ಅದೂ ಇಲ್ಲ. ತಣ್ಣೀರು ಬಟ್ಟೆ ಬಿಟ್ಟೆ. ಅವರು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಅಷ್ಟು ಹೊತ್ತು ಮಗು ಅಜ್ಜಿಯ ಕೈ ತಿರುಗುವುದನ್ನೇ ನೋಡುತ್ತಾ ಅಳು ನಿಲ್ಲಿಸುತ್ತೆ. ಆದರೆ ಮೆಣಸಿನಕಾಯಿ ಒಲೆಗೆ ಹಾಕುವುದು ಹಿತ್ತಿಲಲ್ಲಿ, ಘಾಟು ಒಳಗೆ ಬರಬಾರದು.

ಈ ಸಮಾಧಾನವೆಲ್ಲ ಎಲ್ಲಾ ಮಗುವಿಗೂ ಅಲ್ಲ. ನನ್ನ ತಂಗಿ ಚಿಂತಾಮಣಿಯಿಂದ ಫೋನ್ ಮಾಡಿ, "ಅಕ್ಕಾ, ಪಾಪುಗೆ 100.6, ನಿನ್ ತರ ಬರ್ದು ಇಟ್ಕೊಳ್ಳಾ?" ಅಂದಳು. ಅವಳ ಮಗುವಿಗೆ ಎರಡು ತಿಂಗಳು. "ಪುಸ್ತಕ ಮುಚ್ಚಿ ಆಟೋ ಹತ್ತು" ಅಂದೆ. 3 ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಕಾಯುವ ಮಾತೇ ಇಲ್ಲ, ಮನೆಯಲ್ಲಿ ಸಿರಪ್ಪೂ ಇಲ್ಲ, ನೇರ ಆಸ್ಪತ್ರೆಗೆ.

ಹೋದ ಮಳೆಗಾಲದ ಜ್ವರದಲ್ಲಿ ನನ್ನ ಧೈರ್ಯವೆಲ್ಲ ಸೋರಿಹೋಯಿತು. ಬೀದಿಯಲ್ಲಿ ಎರಡು ಮನೆಗೆ ಡೆಂಗಿ ಬಂದಿತ್ತು. ಪುಟ್ಟಿಗೆ ಮೂರನೇ ದಿನವೂ 103. ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತು ಬಂದೆ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಪತ್ತೆಯ ಎನ್ಎಸ್1 ನೆಗೆಟಿವ್ ಬಂದರೂ ಡಾಕ್ಟರು, "ಜ್ವರ ಇಳಿದ ದಿನಾನೇ ಹುಷಾರಾಗಿ ನೋಡ್ಕೊಳ್ಳಿ" ಅಂದರು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಬಿಡುವ ಹೊತ್ತಿಗಂತೆ. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು, ಆರು ತಾಸಿನಿಂದ ಉಚ್ಚೆ ಇಲ್ಲ, ಇವುಗಳಲ್ಲಿ ಒಂದಿದ್ದರೂ ಓಡಿ ಬನ್ನಿ ಅಂದರು. ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಮೆಫೆನಮಿಕ್ ಅಂತ ಬೇರೆ ಯಾವುದೂ ಬೇಡ, ರಕ್ತಸ್ರಾವದ ಭಯ ಅಂದರು. ಯಾರೋ ಪರಂಗಿ ಎಲೆ ರಸ ತಂದುಕೊಟ್ಟರು. ಒಂದು ಚಮಚಕ್ಕೇ ವಾಂತಿ ಮಾಡಿಕೊಂಡಳು, ಲೋಟ ತೊಳೆದಿಟ್ಟೆ. ವಾಂತಿ ಯಾವುದರಿಂದ ಬಂತು ಅಂತ ಲೆಕ್ಕ ತಪ್ಪಿಸುವ ಯಾವ ಮದ್ದೂ ಆ ದಿನ ನನಗೆ ಬೇಡವಾಗಿತ್ತು.

ನಾಲ್ಕನೇ ದಿನ ಸಂಜೆ ಜ್ವರ ಬಿಟ್ಟಿತು. ಥರ್ಮಾಮೀಟರ್ ಎತ್ತಿಟ್ಟು ಅಂಗಾಲು ಮುಟ್ಟುತ್ತಾ ಕೂತೆ. ಅದಕ್ಕೂ ಮುಂಚೆ ಕೈಯನ್ನು ತಣ್ಣೀರಲ್ಲಿ ತೊಳೆದು ಒಂದಿಷ್ಟು ಹೊತ್ತು ಬಿಟ್ಟಿದ್ದೆ, ಬೇಸಿನ್ನಿನ ಕಾವು ಕೈಯಲ್ಲಿ ಉಳಿದಿರಬಾರದು ಅಂತ. ಇವರು ಗೂಡು ಕೊಳ್ಳಲು ಬೆಳಿಗ್ಗೆ ಬೇಗ ಮಾರ್ಕೆಟ್ಟಿಗೆ ಹೋಗಬೇಕಿತ್ತು, ಅವರ ಪಾಳಿಯನ್ನೂ ನಾನೇ ತೆಗೆದುಕೊಂಡೆ. ಎರಡು ಗಂಟೆಗೆ ಅತ್ತೆ ಎದ್ದು ಬಂದು, "ನೀನು ಮಲಗಮ್ಮಾ, ನಾನು ಕೂತಿರ್ತೀನಿ" ಅಂದರು. ಏನೇನು ನೋಡಬೇಕು ಅಂತ ಹೇಳಹೊರಟೆ. "ಗೊತ್ತು ಬಿಡು" ಅಂದರು. ಬಿದ್ದುಕೊಂಡವಳಿಗೆ ಎಚ್ಚರವಾದಾಗ ಶೆಡ್ಡಿನಲ್ಲಿ ಆಗಲೇ ಮೋಟಾರು ಓಡುತ್ತಿತ್ತು.

ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದಳು. ಪುಸ್ತಕ ತೆಗೆದು ನೋಡಿದರೆ ನನ್ನ ಕೊನೇ ಸಾಲಿನ ಕೆಳಗೆ ಇನ್ನೆರಡು ಸಾಲು, ಕಾಲಂ ಗೆರೆಗಳನ್ನು ಲೆಕ್ಕಿಸದೆ ದಪ್ಪ ಅಕ್ಷರದಲ್ಲಿ, ತೆಲುಗು ಲಿಪಿಯಲ್ಲಿ. ಅತ್ತೆ ಹಿಂದೂಪುರದ ಕಡೆಯವರು, ಓದಿದ್ದು ತೆಲುಗು. ನನಗೆ ಮಾತು ಬರುತ್ತೆ, ಅಕ್ಷರ ಬರಲ್ಲ. ಇವರು ಮಾರ್ಕೆಟ್ಟಿನಿಂದ ಬಂದು ಓದಿ ಹೇಳಿದರು: "ಮೂಡು ಗಂಟಲಕಿ ನೀಳ್ಳು ತಾಗಿಂದಿ. ಉಚ್ಚ ಪೋಸಿಂದಿ, ಕಾಳ್ಳು ವೆಚ್ಚಗಾ ಉನ್ನಾಯಿ." ಮೂರಕ್ಕೆ ನೀರು ಕುಡಿದಳು, ಉಚ್ಚೆ ಹೊಯ್ದಳು, ಕಾಲು ಬೆಚ್ಚಗಿವೆ. ಓದಿ ಮುಗಿಸಿ ಪುಸ್ತಕ ತಿರುವಿ, ಅವತ್ತಿನ ಲಾಟು ನಂಬರು ಬರೆಯಲು ನನ್ನ ಕೈಗೆ ಕೊಟ್ಟರು.