ಬೇರೆಯವರ ಕೌಂಟರ್ ಮುಂದೆ ಕೂತು ಕಲಿತ ಕಾಫಿ

ವಾರವಿಡೀ ಕಾಫಿ ಮಾಡುವುದೇ ನನ್ನ ಕೆಲಸ. ರಜೆ ಸಿಕ್ಕಿತು ಅಂದರೆ ಬೇರೆ ಯಾರೋ ಮಾಡಿದ ಕಾಫಿ ಕುಡಿಯೋಕೆ ಹೊರಡುತ್ತೇನೆ. "ಇನ್ನೂ ಸಾಕಾಗಿಲ್ವಾ ನಿಂಗೆ?" ಅಂತ ಗೆಳೆಯರು ಕೇಳುತ್ತಾರೆ. ಸಾಕಾಗಿಲ್ಲ, ಸಾಕಾಗೋದೂ ಇಲ್ಲ ಅನಿಸುತ್ತದೆ. ಕಾಫಿ ಮೇಲೆ ಪ್ರೀತಿ ಇದೆ, ನಿಜ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ. ಬರಿಸ್ತಾ ಆಗಿ ನಾನು ಕಲಿತಿರುವುದರಲ್ಲಿ ದೊಡ್ಡ ಪಾಲು ಬೇರೆಯವರ ಕೌಂಟರ್ ಮುಂದೆ ಕೂತು ಕಲಿತದ್ದು. ಅದು ಹೇಗೆ ಅಂತ ಹೇಳೋಣ ಅಂತ ಬರೆಯುತ್ತಿದ್ದೇನೆ, ಮುಖ್ಯವಾಗಿ ಈಗಷ್ಟೇ ಈ ಕೆಲಸಕ್ಕೆ ಸೇರಿದವರಿಗೆ.

ನಾಲಿಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಅದೇ ಇಲ್ಲಿ ತೊಂದರೆ. ಗ್ರೈಂಡರ್‌ನ ಬರ್‌ಗಳು (ಬೀಜ ಅರೆಯುವ ಹಲ್ಲಿನ ಚಕ್ರಗಳು) ಸವೆಯುತ್ತವೆ, ಜನ ಜಾಸ್ತಿಯಾದಾಗ ಅದು ಬಿಸಿಯಾಗುತ್ತದೆ, ಗಾಳಿಯಲ್ಲಿರುವ ತೇವ ಬದಲಾಗುತ್ತದೆ, ಬೀಜ ಹಳೆಯದಾಗುತ್ತಾ ಹೋಗುತ್ತದೆ. ರುಚಿ ದಿನಕ್ಕಿಷ್ಟು ಅಂತ ಜಾರುತ್ತದೆ. ಅಂಗಡಿಯಲ್ಲಿ ಕೆಲಸ ಮಾಡೋರೆಲ್ಲ ದಿನವೂ ಅದನ್ನೇ ಕುಡಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಕಡೆ ಹೋಗಿ ಒಂದು ಒಳ್ಳೆಯ ಎಸ್ಪ್ರೆಸ್ಸೊ (ಪುಡಿಯ ಮೂಲಕ ಒತ್ತಡದಲ್ಲಿ ಬಿಸಿನೀರು ಹಾಯಿಸಿ ತೆಗೆದ ಗಟ್ಟಿ ಕಾಫಿ) ಕುಡಿದು, ಮಾರನೇ ದಿನ ಬೆಳಿಗ್ಗೆ ನಮ್ಮದನ್ನು ಬಾಯಿಗೆ ಹಾಕಿಕೊಂಡರೆ ಮೊದಲ ಗುಟುಕಿಗೇ ತಿಳಿಯುತ್ತದೆ, ಎಲ್ಲಿಗೆ ಬಂದು ನಿಂತಿದ್ದೇವೆ ಅಂತ.

ಹೋದ ಕಡೆ ನಾನು ಮೊದಲು ನೋಡೋದು ಜಾಗ. ಕಿಟಕಿ ಪಕ್ಕದ ಮೆತ್ತನೆ ಕುರ್ಚಿ ನನಗೆ ಬೇಡ. ಗ್ರೈಂಡರ್ ಮತ್ತು ಮೆಷಿನ್ ಎರಡೂ ಕಾಣುವಂಥ ಸ್ಟೂಲ್ ಬೇಕು. ಆಮೇಲೆ ಒಂದು ಎಸ್ಪ್ರೆಸ್ಸೊ ಹೇಳುತ್ತೇನೆ. ಹಾಲಿಲ್ಲ, ಸಕ್ಕರೆಯಿಲ್ಲ, ಇರೋದು ಒಂದೆರಡು ಗುಟುಕು. ಅದರಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಬೀಜ, ಹುರಿದ ರೀತಿ, ಪುಡಿಯ ಹದ, ನೀರು, ಮೆಷಿನ್ ಎಷ್ಟು ಶುಚಿಯಾಗಿದೆ ಅನ್ನೋದು, ಎಲ್ಲ ಅಷ್ಟರಲ್ಲೇ ಬಂದುಬಿಡುತ್ತದೆ.

ಅಲ್ಲಿನ ಬರಿಸ್ತಾ ಶಾಟ್, ಅಂದರೆ ಆ ಎಸ್ಪ್ರೆಸ್ಸೊ, ತೆಗೆಯುವಾಗ ಕೈ ನೋಡುತ್ತೇನೆ. ಪುಡಿ ಹಾಕುವ ಬಾಸ್ಕೆಟ್ ಒಣಬಟ್ಟೆಯಲ್ಲಿ ಒರೆಸಿದರಾ? ಮೆಷಿನ್‌ನಲ್ಲಿ ಬಿಸಿನೀರು ಬರುವ ಗ್ರೂಪ್‌ಹೆಡ್‌ನಿಂದ ಸ್ವಲ್ಪ ನೀರು ಬಿಟ್ಟು ಹಳೆ ಪುಡಿ ತೊಳೆದರಾ? ಪುಡಿಯನ್ನು ತೂಗಿದರಾ? ಟ್ಯಾಂಪ್ ಮಾಡುವ (ಪುಡಿಯನ್ನು ಒತ್ತಿ ಕೂರಿಸುವ) ಮೊದಲು ಸಮ ಮಾಡಿದರಾ? ಟ್ಯಾಂಪ್ ಎಷ್ಟು ಜೋರು ಅನ್ನೋದಕ್ಕಿಂತ ಅದು ಸಪಾಟಾಗಿದೆಯಾ ಅನ್ನೋದು ಮುಖ್ಯ. ಒಂದು ಕಡೆ ವಾಲಿದರೆ ನೀರು ಸುಲಭದ ದಾರಿ ಹುಡುಕಿಕೊಂಡು ಅಲ್ಲೇ ನುಗ್ಗುತ್ತದೆ. ಆಗ ಒಂದೇ ಕಪ್‌ನಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಸಿಗುತ್ತವೆ.

ಆಮೇಲೆ ಧಾರೆ. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟದ ಹೊತ್ತು ಇದೇ. ಬಟನ್ ಒತ್ತಿದ ಮೇಲೆ ಕೆಲವು ಸೆಕೆಂಡ್ ಏನೂ ಆಗುವುದಿಲ್ಲ. ಬಾಟಮ್‌ಲೆಸ್ ಪೋರ್ಟಾಫಿಲ್ಟರ್ (ಬಾಸ್ಕೆಟ್ ಹಿಡಿಯುವ, ತಳ ತೆರೆದ ಹಿಡಿಕೆ) ಇದ್ದರೆ ಬಾಸ್ಕೆಟ್ ಕೆಳಗೆ ಕಪ್ಪು ಹನಿಗಳು ಅಂಚಿನಿಂದ ಶುರುವಾಗಿ ಒಳಗೆ ಹರಡುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವಿಗೆ ಬಂದು ಒಂದೇ ಎಳೆಯಾಗಿ ಇಳಿಯುತ್ತವೆ. ಮೊದಲು ಗಾಢ ಕಂದು, ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ಬಿಳಚಿಕೊಳ್ಳುತ್ತಾ ತೆಳ್ಳಗಾಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದರಲ್ಲೇ ಒಬ್ಬೊಬ್ಬರ ರುಚಿ ಗೊತ್ತಾಗುತ್ತದೆ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್, ಇದು ಈಗ ಬಹಳ ಕಡೆ ನಡೆಯುವ ಲೆಕ್ಕ. ಶುರು ಮಾಡೋಕೆ ಒಳ್ಳೆಯದು. ಆದರೆ ತಿಳಿಯಾಗಿ ಹುರಿದ ಬೀಜಕ್ಕೆ 45 ಗ್ರಾಂವರೆಗೂ ಎಳೆದು, ಬಹಳ ಚೆಂದದ ಶಾಟ್ ಕೊಟ್ಟವರನ್ನು ನೋಡಿದ್ದೇನೆ. ಅದನ್ನು ನೋಡಿದ ಮೇಲೆಯೇ ನಾನೂ ಗಡಿಯಾರ ಬಿಟ್ಟು ನಾಲಿಗೆಯನ್ನು ನಂಬಲು ಶುರು ಮಾಡಿದ್ದು.

ಲಿವರ್ ಮೆಷಿನ್ (ಕೈಯಿಂದ ಹಿಡಿಕೆ ಎಳೆದು ನಡೆಸುವ ಮೆಷಿನ್) ಇರುವ ಅಂಗಡಿ ಸಿಕ್ಕರೆ ಆ ದಿನ ನಾನು ಬೇಗ ಏಳೋದಿಲ್ಲ. ಇಟಲಿಯ ಅಕಿಲ್ಲೆ ಗಾಜಿಯಾ ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಇರುವ ಲಿವರ್ ಮೆಷಿನ್ ತಂದ. ಅದಕ್ಕೂ ಮೊದಲು ಹಬೆಯ ಒತ್ತಡದಲ್ಲಿ ಬರುತ್ತಿದ್ದ ಕಾಫಿಯ ಮೇಲೆ ಇವತ್ತಿನಂಥ ದಪ್ಪ ಕ್ರೆಮಾ, ಅಂದರೆ ಕಂದು ನೊರೆಯ ಪದರ, ಇರಲಿಲ್ಲ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಮೆಷಿನ್ ಬಂತು. ಒತ್ತಡದ ಕೆಲಸ ಪಂಪ್ ಪಾಲಾಯಿತು, ತೋಳಿಗೆ ಬಿಡುವು ಸಿಕ್ಕಿತು. ಈಗಿನ ಮಾಮೂಲಿ ಮೆಷಿನ್‌ಗಳಲ್ಲಿ ಸುಮಾರು 9 ಬಾರ್ ಒತ್ತಡ ಒಂದೇ ಸಮನೆ ಇರುತ್ತದೆ. ಲಿವರ್‌ನಲ್ಲಿ ಹಾಗಲ್ಲ, ಸ್ಪ್ರಿಂಗ್ ಸಡಿಲವಾಗುತ್ತಾ ಒತ್ತಡವೂ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಇರಬೇಕು, ಲಿವರ್ ಶಾಟ್‌ನ ಕೊನೆಯ ಭಾಗ ನನಗೆ ಯಾವಾಗಲೂ ಮೃದು ಅನಿಸುತ್ತದೆ, ಕಹಿ ಚುಚ್ಚುವುದಿಲ್ಲ. ಪಂಪ್ ಮೆಷಿನ್‌ನಲ್ಲೂ ಒತ್ತಡ ಬದಲಿಸುವ ಸೌಲಭ್ಯ ಇದ್ದರೆ ಕೊನೆಯಲ್ಲಿ ಇಳಿಸಿ ನೋಡಿ. ನಾನು ಅದನ್ನು ಹಾಗೆ ನೋಡಿಯೇ ಕಲಿತೆ.

ಕಪ್ ಮುಂದೆ ಬಂದ ಮೇಲೆ ಚಮಚದಿಂದ ಚೆನ್ನಾಗಿ ಕದಡುತ್ತೇನೆ. ಮೇಲಿರುವ ಕ್ರೆಮಾ ನೋಡಲು ಚೆಂದ, ಅದನ್ನೇ ನೆಕ್ಕಿದರೆ ಕಹಿ. ತಳದಲ್ಲಿ ಮಂದವಾದ ಭಾಗ ಕೂತಿರುತ್ತದೆ. ಕದಡದೆ ಕುಡಿದರೆ ಮೂರು ಬೇರೆ ಬೇರೆ ಕಾಫಿ ಕುಡಿದಂತೆ. ಮೊದಲ ಗುಟುಕು ಬಿಸಿಯಲ್ಲಿ, ಎರಡನೆಯದು ಸ್ವಲ್ಪ ಆರಿದ ಮೇಲೆ. ಬಿಸಿ ಇಳಿದಾಗಲೇ ಒಳಗಿನ ಹುಳುಕೂ ಗುಣವೂ ತೋರುತ್ತವೆ.

ಹುಳಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಪುಡಿಯಿಂದ ನೀರಿಗೆ ಹುಳಿ ಬೇಗ ಇಳಿಯುತ್ತದೆ, ಸಿಹಿ ಅದರ ಹಿಂದೆ, ಕಹಿ ಮತ್ತು ಒಗರು ಆಮೇಲೆ. ಕಡಿಮೆ ಇಳಿದ ಕಾಫಿಯ ಹುಳಿ ಚೂಪಾಗಿರುತ್ತದೆ. ನಾಲಿಗೆಯ ಪಕ್ಕ ಕಚ್ಚಿ ಥಟ್ಟನೆ ಮಾಯವಾಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ, ಕೆಲವೊಮ್ಮೆ ಉಪ್ಪುಪ್ಪು ಅನಿಸುತ್ತದೆ. ಚೆನ್ನಾಗಿ ಇಳಿದ ಕಾಫಿಯಲ್ಲೂ ಹುಳಿ ಇರುತ್ತದೆ, ಆದರೆ ಅದರ ಜೊತೆ ಸಿಹಿ ಬರುತ್ತದೆ, ಹಣ್ಣಾದ ಕಿತ್ತಳೆ ತಿಂದ ಹಾಗೆ, ಬಾಯಲ್ಲಿ ನೀರೂರುತ್ತದೆ. ನುಂಗಿದ ಮೇಲೆ ನಾಲಿಗೆ ಒಣಗಿ ಒರಟಾದರೆ ಜಾಸ್ತಿ ಇಳಿದಿದೆ, ಇಲ್ಲವೇ ನೀರು ಒಂದೇ ಕಡೆ ನುಗ್ಗಿದೆ ಅಂತ ಲೆಕ್ಕ. ಪುಡಿಯ ತೂಕದಲ್ಲಿ ಶೇಕಡಾ 18ರಿಂದ 22ರಷ್ಟು ಕಾಫಿಗೆ ಇಳಿದರೆ ಹದ ಅಂತ 1950ರ ದಶಕದಲ್ಲೇ ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಲೆಕ್ಕ ಕೊಟ್ಟಿದ್ದ. ಇವತ್ತಿಗೂ ಅದೇ ಲೆಕ್ಕ ಬಳಕೆಯಲ್ಲಿದೆ. ಅಳೆಯುವ ಉಪಕರಣ ನನ್ನ ಹತ್ತಿರ ಇದೆ, ಆದರೂ ಬೇರೆ ಅಂಗಡಿಗೆ ಅದನ್ನು ಒಯ್ಯುವುದಿಲ್ಲ. ಇನ್ನೊಬ್ಬರ ಮನೆಗೆ ತಕ್ಕಡಿ ಹಿಡಿದು ಹೋದ ಹಾಗಾಗುತ್ತದೆ.

ಎರಡನೇ ಸಲ ಹಾಲಿನ ಕಾಫಿ ಹೇಳುತ್ತೇನೆ. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಹಾಲಿಗೆ ಸ್ಟೀಮ್ ಬಿಡಲು ಶುರುವಾದಾಗ ಸಣ್ಣಗೆ ಕಾಗದ ಹರಿದಂಥ ಸದ್ದು ಬರಬೇಕು, ಕೆಲವೇ ಸೆಕೆಂಡ್. ಹಾಲು ಕೈಗೆ ಬೆಚ್ಚಗೆ ತಾಗುವಷ್ಟರಲ್ಲಿ ಆ ಸದ್ದು ನಿಂತು, ಹಾಲು ಸುಳಿ ಸುತ್ತುತ್ತಾ ಸುಮ್ಮನಾಗಬೇಕು. ಬಿಸಿಯಾದ ಮೇಲೂ ಗಾಳಿ ಎಳೆಯುತ್ತಿದ್ದರೆ ದಪ್ಪ ಗುಳ್ಳೆ. ಕಿರ್ರ್ ಅಂತ ಕಿರುಚಿದರೆ ಗಾಳಿ ಸಾಲದು, ಇಲ್ಲವೇ ನಳಿಕೆ ಆಳಕ್ಕೆ ಇಳಿದಿದೆ. ಮೆಷಿನ್‌ಗೆ ಬೆನ್ನು ಹಾಕಿ ಕೂತರೂ ಹಾಲು ಹೇಗೆ ಬರುತ್ತದೆ ಅಂತ ಈಗ ನನಗೆ ತಿಳಿಯುತ್ತದೆ. ಇದನ್ನು ಯಾರೂ ಪಾಠ ಮಾಡಲಿಲ್ಲ, ಬೇರೆ ಬೇರೆ ಕಡೆ ಕೂತು ಕೇಳಿ ಕೇಳಿ ಬಂತು. 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಾಲು ಅತಿ ಸಿಹಿಯಾಗಿ ತಾಗುವ ಹೊತ್ತು. 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಮುಂದೆ ಬಂದು ಕಾಫಿ ಹಿಂದೆ ಸರಿಯುತ್ತದೆ. ಲಾಟೆ ಆರ್ಟ್ (ಹಾಲು ಸುರಿಯುತ್ತಾ ಕಾಫಿ ಮೇಲೆ ಬಿಡಿಸುವ ಚಿತ್ರ) ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಹಾಲಿನ ಹದ ಸರಿ ಇದೆ ಅನ್ನೋದಕ್ಕೆ ಅದು ಸಾಕ್ಷಿ. ಕಾಫಿ ಸರಿ ಇದೆ ಅನ್ನೋದಕ್ಕಲ್ಲ.

ಇಷ್ಟಾದ ಮೇಲೆ ಮಾತು. ಜನ ತುಂಬಿರುವಾಗ ಬಾಯಿ ಬಿಡುವುದಿಲ್ಲ. ಬಿಡುವಿದ್ದಾಗ ನಾನೂ ಬರಿಸ್ತಾ ಅಂತ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪರೀಕ್ಷೆ ಮಾಡೋದು ಸರಿಯಲ್ಲ ಅಲ್ವಾ? ಕೇಳೋದು ಸರಳ ಪ್ರಶ್ನೆ. ಬೀಜ ಹುರಿದು ಎಷ್ಟು ದಿನ ಆಯ್ತು? ಬೆಳಗಿನಿಂದ ಗ್ರೈಂಡ್ ಬದಲಿಸಿದ್ರಾ? ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ಸ್ವಲ್ಪ ಹೊರಹೋಗುವ ತನಕ ಎಸ್ಪ್ರೆಸ್ಸೊ ಹಿಡಿತಕ್ಕೆ ಸಿಗುವುದಿಲ್ಲ. ಎಷ್ಟು ದಿನ ಕಾಯಬೇಕು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ, ಆ ಉತ್ತರಗಳೆಲ್ಲ ನನಗೆ ಉಪಯೋಗಕ್ಕೆ ಬಂದಿವೆ.

ಅತಿ ದೊಡ್ಡ ಪಾಠ ಸಿಕ್ಕಿದ್ದು ನೀರಿನ ವಿಷಯದಲ್ಲಿ. ನಾವು ಬಳಸುವ ಬೀಜವನ್ನೇ ಇನ್ನೊಂದು ಅಂಗಡಿಯಲ್ಲಿ ಪೋರ್ ಓವರ್ (ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವ ಕಾಫಿ) ಮಾಡಿಸಿಕೊಂಡು ಕುಡಿದೆ. ಅದೇ ಬ್ಯಾಚ್, ಸೋಸಲು ಅದೇ ವಿ60 ಬಟ್ಟಲು, ಹೆಚ್ಚುಕಡಿಮೆ ಅದೇ ಪ್ರಮಾಣ. ರುಚಿ ಮಾತ್ರ ಬೇರೆ. ನಮ್ಮಲ್ಲಿ ಮಂಕಾಗಿ ಕಾಣುತ್ತಿದ್ದ ಹಣ್ಣಿನ ಹುಳಿ ಅಲ್ಲಿ ಎದ್ದು ಬರುತ್ತಿತ್ತು. ಅಲ್ಲಿದ್ದ ಹುಡುಗಿಯನ್ನು ಕೇಳಿದೆ. "ನೀರು ನೋಡಿ, ನೀರು," ಅಂತ ಕೆಳಗಿದ್ದ ನೀರಿನ ಫಿಲ್ಟರ್ ತೋರಿಸಿದಳು. ಹೀಗೆ ಸೋಸಿದ ಕಪ್ಪು ಕಾಫಿಯಲ್ಲಿ ಶೇಕಡಾ 98ಕ್ಕಿಂತ ಜಾಸ್ತಿ ಇರೋದು ನೀರೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹದವಾಗಿದ್ದರೆ ರುಚಿ ಇಳಿಯಲು ಸಹಾಯ ಮಾಡುತ್ತವೆ. ಬೈಕಾರ್ಬನೇಟ್ ಜಾಸ್ತಿಯಾದರೆ ಕಾಫಿಯ ಹುಳಿಯನ್ನು ಅಡಗಿಸಿಬಿಡುತ್ತದೆ. ಏನೂ ಇಲ್ಲದ ಶುದ್ಧ ನೀರಲ್ಲಿ ಮಾಡಿದರೆ ಕಾಫಿ ಸಪ್ಪೆ. ಮಾರನೇ ದಿನವೇ ಒಂದೇ ಬೀಜವನ್ನು ಎರಡು ಥರದ ನೀರಲ್ಲಿ ಪಕ್ಕಪಕ್ಕ ಇಟ್ಟು ಕುಡಿದು ನೋಡಿದೆವು. ಅಂಗಡಿಯ ಎಲ್ಲರಿಗೂ ವ್ಯತ್ಯಾಸ ತಿಳಿಯಿತು, ಕಾಫಿಯನ್ನೇ ಕುಡಿಯದ ನಮ್ಮ ಕ್ಯಾಶ್ ಕೌಂಟರ್ ಹುಡುಗನಿಗೂ. ಅದಾದ ಮೇಲೆ ನಮ್ಮ ಫಿಲ್ಟರ್ ಬದಲಾಯಿತು. ನೀವು ತುಟ್ಟಿ ಗ್ರೈಂಡರ್ ಕೊಳ್ಳೋ ಯೋಚನೆಯಲ್ಲಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ.

ಹಾಗೆ ಪಕ್ಕಪಕ್ಕ ಇಟ್ಟು ಕುಡಿಯೋದಕ್ಕೆ ಕಪ್ಪಿಂಗ್ ಅನ್ನುತ್ತೇವೆ. ಮನೆಯಲ್ಲೂ ಮಾಡಬಹುದು. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ತರಿಯಾದ ಪುಡಿ, ನೀರು ಸುಮಾರು 93 ಡಿಗ್ರಿ. ಪುಡಿ ಮೇಲೆ ಬಂದು ಪದರ ಕಟ್ಟುತ್ತದೆ. 4 ನಿಮಿಷಕ್ಕೆ ಮೂಗನ್ನು ಕಪ್ ಹತ್ತಿರ ತಂದು ಚಮಚದಿಂದ ಆ ಪದರ ಒಡೆಯಬೇಕು. ಆಗ ಎದ್ದು ಬರುವ ಘಮ ಇದೆಯಲ್ಲ, ಆ ಬೀಜದ ಪೂರ್ತಿ ಪರಿಚಯ ಅಲ್ಲೇ ಆಗಿಹೋಗುತ್ತದೆ. ನೊರೆ ತೆಗೆದು, ಆರಲು ಬಿಟ್ಟು, ಚಮಚದಿಂದ ಜೋರಾಗಿ ಸೊರ್ ಅಂತ ಹೀರಬೇಕು. ನಾಚಿಕೆ ಬೇಡ. ನಾನು ಮಾಡುವ ಇನ್ನೊಂದು ಅಭ್ಯಾಸ: ಮೂರು ಕಪ್, ಎರಡರಲ್ಲಿ ಒಂದೇ ಕಾಫಿ, ಮೂರನೆಯದು ಬೇರೆ, ಯಾವುದು ಬೇರೆ ಅಂತ ಹುಡುಕೋದು. ನಾಲಿಗೆ ಚೂಪಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಪ್ಯಾಕೆಟ್ ಮೇಲೆ ಬರೆದ ರುಚಿಗಳನ್ನು ಕುಡಿಯುವ ಮೊದಲು ಓದಬೇಡಿ. ಓದಿದರೆ ಅದೇ ಸಿಗುತ್ತದೆ. 1995ರಲ್ಲಿ ಬಂದು 2016ರಲ್ಲಿ ತಿದ್ದುಪಡಿಯಾದ ರುಚಿಚಕ್ರ (ಕಾಫಿಯ ರುಚಿಗಳನ್ನು ಗುಂಪುಗುಂಪಾಗಿ ಬರೆದ ಚಕ್ರದ ಚಿತ್ರ) ಇದೆ, ಅದನ್ನು ನಡುವಿನಿಂದ ಹೊರಗೆ ಓದುತ್ತೇನೆ. ಮೊದಲು ಹಣ್ಣಾ, ಹೂವಾ, ಬಾದಾಮಿ, ಕಡಲೆಬೀಜದ ಥರವಾ ಅಂತ, ಆಮೇಲೆ ಯಾವ ಹಣ್ಣು ಅಂತ. ಗೇಶಾ ತಳಿಯ ಕಾಫಿ ಮೊದಲ ಸಲ ಕುಡಿದಾಗ ಈ ಚಕ್ರ ಯಾಕಿದೆ ಅಂತ ಅರ್ಥವಾಯಿತು. ಆ ತಳಿ ಇಥಿಯೋಪಿಯಾ ಮೂಲದ್ದು, 2004ರಲ್ಲಿ ಪನಾಮಾದ ಸ್ಪರ್ಧೆಯೊಂದರಲ್ಲಿ ಗೆದ್ದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಕಪ್ ಇನ್ನೂ ಮೇಜಿಗೆ ಬರುವ ಮೊದಲೇ ಮಲ್ಲಿಗೆ ಘಮ ಬಂತು. ಕಾಫಿಯಿಂದ ಇಂಥದ್ದೂ ಬರುತ್ತದಾ ಅಂತ ಬಹಳ ಹೊತ್ತು ಸುಮ್ನೆ ಮೂಸುತ್ತಾ ಕೂತಿದ್ದೆ.

ಹಾಗಂತ ಇಂಥ ಕಾಫಿ ಸಿಗುವ ಕಡೆಗೆ ಮಾತ್ರ ಹೋಗುತ್ತೇನೆ ಅಂದುಕೊಳ್ಳಬೇಡಿ. ಕಪ್ಪಗೆ ಹುರಿದ ಬೀಜ, ರೊಬಸ್ಟಾ ಬೆರೆಸಿದ ಪುಡಿ, ದಪ್ಪ ಕ್ರೆಮಾ, ಇಂಥ ಕಾಫಿ ಮಾಡುವ ಸಣ್ಣ ಅಂಗಡಿಗಳಿಗೂ ಪ್ರೀತಿಯಿಂದ ಹೋಗುತ್ತೇನೆ. ರೊಬಸ್ಟಾ ಅಂದರೆ ಮೂಗು ಮುರಿಯುವ ಬರಿಸ್ತಾಗಳ ಜೊತೆ ನನ್ನ ಜಗಳ ನಿಂತಿಲ್ಲ. ಅವರು ಮೆಚ್ಚುವ ಅರೇಬಿಕಾ ಹುಟ್ಟಿದ್ದೇ ರೊಬಸ್ಟಾದ ಜಾತಿ ಮತ್ತು ಯೂಜೆನಿಯಾಯ್ಡಿಸ್ ಎಂಬ ಇನ್ನೊಂದು ಜಾತಿ ಬೆರೆತು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು, ಬಾಯಿಗೆ ಮಂದ, ಹಾಲಿಗೆ ಜಗ್ಗುವುದಿಲ್ಲ. ಒಂದೇ ಬ್ಲೆಂಡ್ ಅನ್ನು ವರ್ಷಗಟ್ಟಲೆ ಒಂದೇ ರುಚಿಯಲ್ಲಿ ಕೊಡುವವರ ಕೈ ಸಾಮಾನ್ಯದ್ದಲ್ಲ.

ಒಂದು ಕಡೆ ನಡೆದದ್ದನ್ನು ಹೇಳಿಬಿಡುತ್ತೇನೆ. ಬರಿಸ್ತಾ ನನ್ನ ಶಾಟ್ ತೆಗೆದ, ಧಾರೆ ನೋಡಿದ, ಕಪ್ ಎತ್ತಿ ಸೀದಾ ಸಿಂಕ್‌ಗೆ ಸುರಿದ. ಗ್ರೈಂಡರ್ ಒಂದು ಗೆರೆ ತಿರುಗಿಸಿ, ಒಳಗೆ ಉಳಿದಿದ್ದ ಹಳೆ ಪುಡಿಯನ್ನು ಹೊರಗೆ ಬಿಟ್ಟು, ಮತ್ತೆ ತೆಗೆದ. ನಾನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ, ಸಾಲಿನಲ್ಲಿ ಜನ ಇದ್ದರು. ಆ ಅಂಗಡಿಗೆ ಈಗಲೂ ಹೋಗುತ್ತೇನೆ. ನಮ್ಮಲ್ಲಿ ಈಗ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ನೂಕುನುಗ್ಗಲು ಮುಗಿದ ಮೇಲೆ ಇನ್ನೊಮ್ಮೆ ಶಾಟ್ ಕುಡಿದು ನೋಡಲೇಬೇಕು ಅನ್ನೋ ಪದ್ಧತಿ ಇದೆ. ಅದು ಬಂದದ್ದು ಅವನನ್ನು ನೋಡಿ.

ನೀವು ಶುರು ಮಾಡೋದಾದರೆ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹೋಗಿ, ಆಗ ಬಿಡುವಿರುತ್ತದೆ. ಒಂದು ದಿನಕ್ಕೆ ಎರಡೇ ಅಂಗಡಿ ಸಾಕು, ಮೂರನೆಯದರಲ್ಲಿ ನಾಲಿಗೆ ಕೈಕೊಡುತ್ತದೆ. ಮಧ್ಯೆ ನೀರು ಕುಡಿಯಿರಿ. ಕಾಫಿ ಹಿಡಿಸದಿದ್ದರೆ ಕೇಳದ ಹೊರತು ಹೇಳಬೇಡಿ. ಹಿಡಿಸಿದರೆ ಮಾತ್ರ ಹೇಳದೆ ಬರಬೇಡಿ, ಅದೂ ವಿವರವಾಗಿ. ಸುಮ್ನೆ "ಸೂಪರ್" ಅಂದರೆ ಕೇಳಲು ಖುಷಿ, ಅಷ್ಟೇ. "ಆರಿದ ಮೇಲೂ ಸಿಹಿ ಉಳಿದಿತ್ತು" ಅಂದರೆ ಗ್ರೈಂಡರ್‌ನ ಯಾವ ಗೆರೆಯನ್ನು ನಾಳೆಗೂ ಉಳಿಸಿಕೊಳ್ಳಬೇಕು ಅಂತ ಅವರಿಗೆ ಗೊತ್ತಾಗುತ್ತದೆ.