ನಿಲ್ದಾಣದ ಸುದ್ದಿ ಬಂತಾ? ಮೊದಲು ಸೀಟು ಎಣಿಸಿ

ಬಾಹ್ಯಾಕಾಶದ ಸುದ್ದಿ ಓದುವುದು ನನಗೊಂದು ಚಟ. ಇಂಥ ವರ್ಷಕ್ಕೆ ಹೊಸ ನಿಲ್ದಾಣ, ಇಂಥ ವರ್ಷಕ್ಕೆ ಮನುಷ್ಯರ ಹಾರಾಟ ಅಂತ ತಲೆಬರಹಗಳು ಬರುತ್ತಲೇ ಇರುತ್ತವೆ. ಯಾವುದನ್ನು ನಂಬುವುದು, ಯಾವುದನ್ನು ಸುಮ್ನೆ ಓದಿ ಬಿಡುವುದು? ನಾನು ನೋಡುವ ಕ್ರಮ ಹೇಳುತ್ತೇನೆ. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಪೆನ್ಸಿಲ್ಲು.

ಮೊದಲು ಸೀಟು ಎಣಿಸಿ. ಮೇಲೆ ಎಷ್ಟು ಜನ ಇದ್ದಾರೆ, ಕೆಳಗೆ ಬರಲು ಎಷ್ಟು ಸೀಟಿದೆ? ನಿಲ್ದಾಣ ಎಷ್ಟೇ ದೊಡ್ಡದಿರಲಿ, ಒಳಗಿರುವವರ ಜೀವ ಹೊರಗೆ ಜೋಡಿಸಿರುವ ಆ ಪುಟ್ಟ ನೌಕೆಯ ಮೇಲೆ ನಿಂತಿದೆ. 2022ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ರಷ್ಯಾದ ಸೋಯುಜ್ ಎಂಎಸ್-22 ನೌಕೆಯಿಂದ ತಂಪುಕಾರಕ ದ್ರವ ಸೋರಿಹೋಯಿತು. ಮೂವರು ಅದರಲ್ಲೇ ವಾಪಸ್ ಬರಬೇಕಿತ್ತು. ಸೋಯುಜ್‌ನಲ್ಲಿ ಒಬ್ಬೊಬ್ಬರ ಮೈ ಅಳತೆಗೆ ಅಚ್ಚು ತೆಗೆದು ಮಾಡಿದ ಸೀಟ್ ಲೈನರ್ ಇರುತ್ತದೆ. ಆ ಮೂವರಲ್ಲಿ ಒಬ್ಬರಾದ ಅಮೆರಿಕದ ಫ್ರಾಂಕ್ ರೂಬಿಯೋ ಅವರ ಲೈನರನ್ನು ಬಿಚ್ಚಿ, ನಿಲ್ದಾಣದ ಒಳಗಿಂದಲೇ ಸಾಗಿಸಿ, ಪಕ್ಕದಲ್ಲಿದ್ದ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ ಕೂರಿಸಿದರು. ತುರ್ತು ಬಂದರೆ ಇರಲಿ ಅಂತ. ಆಮೇಲೆ ಖಾಲಿ ಸೋಯುಜ್ ಒಂದನ್ನು ಕಳಿಸಿದರು. ಆರು ತಿಂಗಳಿಗೆ ಅಂತ ಹೋದ ರೂಬಿಯೋ ಇಳಿದದ್ದು 371 ದಿನಗಳ ಮೇಲೆ.

2024ರಲ್ಲಿ ತೊಂದರೆಗೆ ಸಿಕ್ಕಿದ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯ ಕಥೆ ನಿಮಗೂ ಗೊತ್ತಿರುತ್ತದೆ. ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ವಾರದ ಮಟ್ಟಿಗೆ ಹೋದವರು, ಒಂಬತ್ತು ತಿಂಗಳು ಉಳಿದರು. ಸುದ್ದಿಯಲ್ಲಿ ಜಾಸ್ತಿ ಬಂದಿದ್ದು "ಸಿಕ್ಕಿಬಿದ್ದರು" ಅನ್ನುವ ಮಾತು. ನಾನು ಗಮನಿಸಿದ್ದು ಬೇರೆ. ಮುಂದಿನ ಡ್ರ್ಯಾಗನ್ ನಾಲ್ವರ ಬದಲು ಇಬ್ಬರನ್ನೇ ಹೊತ್ತು ಹೋಯಿತು, ಈ ಇಬ್ಬರಿಗೆ ಸೀಟು ಬೇಕಲ್ವಾ! ಅದು ಬರುವ ತನಕ, ಅಲ್ಲೇ ಇದ್ದ ಇನ್ನೊಂದು ಡ್ರ್ಯಾಗನ್‌ನಲ್ಲಿ ಸಾಮಾನು ಇಡುವ ಜಾಗಕ್ಕೆ ಫೋಮ್ ಹಾಸಿ ಇಬ್ಬರಿಗೆ ತಾತ್ಕಾಲಿಕ ಜಾಗ ಮಾಡಿದ್ದರು.

ಎರಡೂ ಸಲ ತುರ್ತಿಗೆ ಆಸರೆಯಾದದ್ದು ಬೇರೆ ದೇಶದ ಇಲ್ಲವೇ ಬೇರೆ ಕಂಪನಿಯ ನೌಕೆ. 2011ರ ಜುಲೈನಲ್ಲಿ ಅಮೆರಿಕದ ಶಟಲ್ ನೌಕೆಗಳ ಹಾರಾಟ ನಿಂತ ಮೇಲೆ 2020ರ ಮೇ ತನಕ ಈ ನಿಲ್ದಾಣಕ್ಕೆ ಜನರನ್ನು ಒಯ್ಯಲು ಸೋಯುಜ್ ಒಂದೇ ಗತಿ. ಚೀನಾದ ನಿಲ್ದಾಣ ಟಿಯಾಂಗಾಂಗ್‌ಗೆ ಈಗಲೂ ಶೆಂಜೌ ನೌಕೆ ಒಂದೇ. 2025ರ ನವೆಂಬರ್‌ನಲ್ಲಿ ಶೆಂಜೌ-20ರ ಕಿಟಕಿಯಲ್ಲಿ ಬಿರುಕು ಕಂಡಾಗ ಹಳೇ ತಂಡ ಹೊಸ ತಂಡದ ನೌಕೆ ಹತ್ತಿ ಬಂತು. ಮೇಲೆ ಉಳಿದ ಮೂವರಿಗೆ, ಖಾಲಿ ಶೆಂಜೌ-22 ತಲುಪುವ ತನಕ, ನೆಚ್ಚಿಕೊಳ್ಳುವಂಥ ನೌಕೆಯೇ ಇರಲಿಲ್ಲ. ಆದ್ದರಿಂದ ಹೊಸ ನಿಲ್ದಾಣ ಅಂದಾಗ, ಹೋಗಿಬರಲು ಎಷ್ಟು ಬಗೆಯ ನೌಕೆ ಇದೆ ಅಂತ ಕೇಳಿ. ಒಂದೇ ಇದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ಇನ್ನು ದಿನಾಂಕ. ಘೋಷಣೆಯ ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಹಾರಿದ್ದನ್ನು ಮಾತ್ರ ಪೆನ್ನಿನಲ್ಲಿ. 1984ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಹತ್ತು ವರ್ಷದಲ್ಲಿ ನಿಲ್ದಾಣ ಅಂದರು. ಅದೇ ಮುಂದೆ ಈಗಿನ ಅಂತರರಾಷ್ಟ್ರೀಯ ನಿಲ್ದಾಣವಾಯಿತು, ಅದರ ಮೊದಲ ತುಂಡು ಮೇಲೆ ಹೋದದ್ದು 1998ರ ನವೆಂಬರ್‌ನಲ್ಲಿ. ನಡುವೆ 1993ರಲ್ಲಿ ಅಮೆರಿಕದ ಕೆಳಮನೆಯಲ್ಲಿ ಯೋಜನೆ ಬದುಕಿದ್ದು ಒಂದೇ ಒಂದು ಮತದಿಂದ. ಗಗನಯಾನವನ್ನು 2018ರಲ್ಲಿ ಘೋಷಿಸಿದಾಗ ಗುರಿ 2022. ಅದು ನನ್ನಲ್ಲಿ ಪೆನ್ಸಿಲ್ಲು. ಸಿಬ್ಬಂದಿ ಪಾರಾಗುವ ವ್ಯವಸ್ಥೆಯ ಪರೀಕ್ಷೆ 2023ರ ಅಕ್ಟೋಬರ್‌ನಲ್ಲಿ ಹಾರಿತು. ಅದು ಪೆನ್ನು.

ಮೂರನೆಯದು, ಹಳೆಯದು ಹೋಗುವ ಮೊದಲು ಹೊಸದು ಬರುತ್ತದಾ? ಅಮೆರಿಕದ ಹಳೇ ನಿಲ್ದಾಣ ಸ್ಕೈಲ್ಯಾಬ್ ನೋಡಿ. ಶಟಲ್ ಹೋಗಿ ಅದನ್ನು ಮೇಲೆತ್ತಬಹುದು ಅಂತ ಯೋಜನೆ ಇತ್ತು. ಸೂರ್ಯನ ಚಟುವಟಿಕೆ ಹೆಚ್ಚಿ ವಾತಾವರಣ ಉಬ್ಬಿತು, ಎಳೆತ ಜಾಸ್ತಿಯಾಯಿತು, ಸ್ಕೈಲ್ಯಾಬ್ 1979ರ ಜುಲೈನಲ್ಲೇ ಬಿತ್ತು. ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಕ್ಕವು. ಶಟಲ್ ಮೊದಲು ಹಾರಿದ್ದು 1981ರ ಏಪ್ರಿಲ್‌ನಲ್ಲಿ.

ಈಗಿನ ನಿಲ್ದಾಣಕ್ಕೂ ಇದೇ ಲೆಕ್ಕ. ಸುಮಾರು 420 ಟನ್ ತೂಕ, 400 ಕಿ.ಮೀ. ಎತ್ತರ. 2030ರ ತನಕ ನಡೆಸಿ, ಆಮೇಲೆ ದಕ್ಷಿಣ ಪೆಸಿಫಿಕ್‌ನ ನಿರ್ಜನ ಭಾಗಕ್ಕೆ ಬೀಳಿಸುವ ಯೋಜನೆ. ಇಳಿಸುವ ನೌಕೆ ಮಾಡಲು 2024ರಲ್ಲಿ ನಾಸಾ ಸ್ಪೇಸ್‌ಎಕ್ಸ್‌ಗೆ 84.3 ಕೋಟಿ ಡಾಲರ್ ತನಕದ ಗುತ್ತಿಗೆ ಕೊಟ್ಟಿದೆ. ಇದು ನನಗೆ ಗಟ್ಟಿ ಸುದ್ದಿ. ಕೆಡವಲು ದುಡ್ಡು ಇಟ್ಟವರು ಕೆಡವುವ ಮನಸ್ಸನ್ನೂ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು ಕಡೆ ರಷ್ಯಾ ಮಾತು ಕೊಟ್ಟಿರುವುದು 2028ರ ತನಕ ಮಾತ್ರ. ನಿಲ್ದಾಣವನ್ನು ಆಗಾಗ ಮೇಲೆ ತಳ್ಳುವ ಕೆಲಸದಲ್ಲಿ ರಷ್ಯಾದ ಪ್ರೊಗ್ರೆಸ್ ಸರಕು ನೌಕೆಗಳ ಪಾಲು ದೊಡ್ಡದು. ಅದಕ್ಕೇ ನಾನು 2030ಕ್ಕಿಂತ 2028ರ ಸುತ್ತಲಿನ ಸುದ್ದಿಗಳನ್ನೇ ಹೆಚ್ಚು ಹುಡುಕುತ್ತೇನೆ.

ಖಾಸಗಿ ನಿಲ್ದಾಣದ ಸುದ್ದಿ ಬಂದರೆ ಎಷ್ಟು ಜನ, ಎಷ್ಟು ದಿನ ಅನ್ನುವ ಸಾಲು ಹುಡುಕಿ. ಚಿತ್ರಗಳು ಚೆನ್ನಾಗಿರುತ್ತವೆ, ಬಿಡಿ. 2000ದ ನವೆಂಬರ್‌ನಿಂದ ಈಗಿನ ನಿಲ್ದಾಣ ಒಂದು ದಿನವೂ ಖಾಲಿ ಇಲ್ಲ. ವಾಸ್ಟ್ ಕಂಪನಿಯ ಹೇವನ್-1 ನಾಲ್ವರು ಸ್ವಲ್ಪ ದಿನ ಇದ್ದು ಬರುವಂಥದ್ದು, ಖಾಯಂ ವಾಸಕ್ಕಲ್ಲ. ಮೊದಲು ಹೇಳಿದ ದಿನಾಂಕ 2025ರ ಆಗಸ್ಟ್, ಅದು 2026ಕ್ಕೆ, ಆಮೇಲೆ 2027ಕ್ಕೆ ಜಾರಿತು. ಇಂಥ ಹತ್ತು ನಿಲ್ದಾಣ ಹಾರಿದರೂ, ಯಾವುದರಲ್ಲೂ ಸದಾ ಜನ ಇಲ್ಲದಿದ್ದರೆ, ಅದನ್ನು ಈಗಿನದಕ್ಕೆ ಬದಲಿ ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.