ಕಾರ್ಬನ್ ಹಾಳಿ ಪುಸ್ತಕ: ಹೋಮ್ ಕೇರ್ ಕೆಲಸದಾಗ ನನ್ನ ಅನುಭವ

ಗಂಗಾವತ್ಯಾಗ ನಾವು ಆರು ಮಂದಿ ಹೆಣ್ಮಕ್ಕಳು ಸೇರಿ, ಹಾಸಿಗೆ ಹಿಡಿದ ವಯಸ್ಸಾದವ್ರನ್ನ ಅವರ ಮನ್ಯಾಗೇ ನೋಡ್ಕೊಳ್ಳೋ ಕೆಲಸ ಶುರು ಮಾಡಿ ಹತ್ತತ್ರ ಏಳು ವರ್ಷ ಆತು. ಡೈಪರ್, ಯೂರಿನ್ ಪೈಪ್, ಇನ್ಸುಲಿನ್ ಇವೆಲ್ಲ ಈ ಕೆಲಸದಾಗ ಇರೋರಿಗೆ ಗೊತ್ತೇ ಐತಿ, ಅದನ್ನ ಬರಿಯಂಗಿಲ್ಲ. ನಾ ಹೇಳೋದು ದಿನಾ ಮಾಡಿದ ಕೆಲಸ, ರೊಕ್ಕದ ಲೆಕ್ಕ ಬರ್ದಿಡೋ ಪುಸ್ತಕದ ವಿಷಯ. "ಬರ್ಕೋಂತ ಕುಂತ್ರ ಅಜ್ಜೀನ ನೋಡೋರು ಯಾರು" ಅಂತ ನಮ್ಮ ಜೊತಿಯವ್ರೇ ಅಂದಿದ್ರು. ಹೋದ ವರ್ಷ ಆ ಪುಸ್ತಕಾನ ನಮ್ಮ ಮರ್ಯಾದಿ ಉಳಿಸ್ತು.

ಎರಡನೇ ವರ್ಷ ಪೆಟ್ಟು ತಿಂದಿದ್ವಿ. ಒಂದು ಮನ್ಯಾಗ ಸಂಧ್ಯಾ ಸುರಕ್ಷಾ, ಅಂದ್ರ ವಯಸ್ಸಾದವ್ರ ಸರ್ಕಾರಿ ಪಿಂಚಣಿ ರೊಕ್ಕ ಕಾಣ್ವಲ್ದು ಅಂತ ನಮ್ಮ ಹುಡುಗಿ ಮ್ಯಾಲೆ ಹೊರಸಿದ್ರು, ನಮ್ಮ ಕಡಿ ಒಂದು ಚೀಟಿ ಸುದ್ದಾ ಇರ್ಲಿಲ್ಲ. ಕೈಯಿಂದ ರೊಕ್ಕ ತುಂಬಿ ಕೊಟ್ಟೆ, ಬರಬೇಕಾದ ಪಗಾರ ಒಂದು 14,000 ಅದೂ ಹೋತು, ಆ ಹುಡುಗಿ ಎರಡು ತಿಂಗಳು ಮನಿ ಬಿಟ್ಟು ಹೊರಗ ಬರ್ಲಿಲ್ಲ. ರೊಕ್ಕಕ್ಕಿಂತ ಅದು ನನಗ ಜಾಸ್ತಿ ಸುಟ್ಟಿತು.

ಆಮ್ಯಾಗ ಪ್ರೆಸ್‌ನ್ಯಾಗ 40 ಪುಸ್ತಕ ಹೊಡಿಸಿದೆ, ಹನ್ನೊಂದು ಕಾಲಂ, ಸುಮಾರು 3,000 ಖರ್ಚು. ಪೂರ್ತಿ ದಂಡ. ರಾತ್ರಿ ಎಂಟಕ್ಕ ಕುಂತು ಮುಂಜಾನಿದ್ದೂ ಮಧ್ಯಾಹ್ನದ್ದೂ ಒಂದೇ ಸಲ ತುಂಬ್ತಿದ್ರು, ಅಕ್ಷರ ನೋಡಿದ್ರೇ ತಿಳೀತಿತ್ತು. ಅಂಥಾ ಪುಸ್ತಕ ಯಾವ ಅಧಿಕಾರಿ ಮುಂದ ಇಟ್ರೂ ನಿಲ್ಲಂಗಿಲ್ಲ. ಎಲ್ಲಾ ಬಿಟ್ಟು ಕಿರಾಣಿ ಅಂಗಡಿ ಕಾರ್ಬನ್ ಬಿಲ್ ಬುಕ್ಕೇ ತಂದೆ, ಒಂದಕ್ಕ 60-70 ರೂಪಾಯಿ. ನಾಲ್ಕೇ ಗೆರಿ: ಟೈಮು, ಏನ್ ಮಾಡಿದ್ವಿ, ರೊಕ್ಕ ಬಂದಿದ್ದು ಹೋಗಿದ್ದು, ಸಹಿ. ಮ್ಯಾಲಿನ ಹಾಳಿ ಅವರ ಮನ್ಯಾಗ, ಕಾರ್ಬನ್ ಕಾಪಿ ನಮ್ಮ ಕಡಿ. ಸಂಜೀಕ ಬರ್ದಿದ್ದನ್ನ ಹಾಸಿಗ್ಯಾಗ ಇರೋರಿಗೆ ಜೋರಾಗಿ ಓದಿ ಹೇಳಿದ ಮ್ಯಾಲೇ ಅವರ ಹೆಬ್ಬಟ್ಟು. ಮರವು ಇದ್ದೋರ ಹೆಬ್ಬಟ್ಟು ಮುಟ್ಟಂಗಿಲ್ಲ, ಅಲ್ಲಿ ಮನ್ಯಾಗಿನ ಇಬ್ಬರ ಸಹಿ ತಗೋತೀವಿ. ಹಾಳಿ ಬದಲಿ ಮಾಡಿದ್ರ ಗೊತ್ತಾಗಾಕ ಒಂದು ಗುರುತು ಇಟ್ಟೀನಿ, ಅದನ್ನ ಇಲ್ಲಿ ಹೇಳಿದ್ರ ಅದರ ಉಪಯೋಗ ಹೋತು.

ನಡುವ ಇನ್ನೊಂದು ಪ್ರಯೋಗ. ಬೆನ್ನ ಹುಣ್ಣು ಆಗಬಾರ್ದಂದ್ರ ಎರಡೆರಡು ತಾಸಿಗೆ ಮಗ್ಗಲಾ ಬದಲಿ ಮಾಡ್ಬೇಕಲ್ಲ, ಓದಾಕ ಬರದ ನಮ್ಮ ಅಕ್ಕಾರಿಗೆ ಗೋಡಿ ಕ್ಯಾಲೆಂಡರ್ ಮ್ಯಾಲೆ ಬಿಂದಿ ಹಚ್ಚಾಕ ಕೊಟ್ಟೆ, ಎಡಕ್ಕ ಕೆಂಪು, ಬಲಕ್ಕ ಹಸ್ರು. ಚಳಿಗಾಲದಾಗ ಭಾರಿ ನಡೀತು, ಬ್ಯಾಸಗ್ಯಾಗ ಗೋಡಿ ಕಾದು ಬಿಂದಿ ಉದುರಾಕ ಹತ್ತಿದ್ವು, ಈಗ ಬಣ್ಣದ ಪೆನ್ಸಿಲ್. ಹುಣ್ಣಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಮಾತ್ರ ನಮ್ಮದೇ ದೊಡ್ಡ ತಪ್ಪು, ಅದು ತಿರುಗಿ ತಿರುಗಿ ಅವರ ಬೀಗರ ಮನಿ ತನಕ ಹೋತು. ಈಗ ಮುಖ ಇಲ್ಲದ ಫೋಟೋ, ಅದೂ ಅವರನ್ನ ಕೇಳಿ, ನರ್ಸ್ ಒಬ್ಬರಿಗೇ, ನೋಡಿದ ಮ್ಯಾಲೆ ಡಿಲೀಟ್.

ಹೋದ ವರ್ಷದ್ದು ಹೇಳ್ತೀನಿ. ಒಬ್ಬ ಅಜ್ಜಿ, ಸೊಂಟ ಮುರಿದು ಮಲಗ್ಯಾರ, ತಲಿ ಮಾತ್ರ ಚುರುಕು. ಮಗ ಬಂದು "ಅಕ್ಕಾರ, ನಿಮ್ಮ ಮಾತು ಕೇಳ್ತಾಳ, ಈ ಪೇಪರಿಗೆ ಒಂದು ಹೆಬ್ಬಟ್ಟು ಹಾಕಸ್ರಿ" ಅಂತ ಕೈಯಾಗ 2,000 ಇಟ್ಟ. ಹೊಲದ ಪೇಪರು. ತಿರುಗಿ ಕೊಟ್ಟೆ, ಟೈಮ್ ಸಮೇತ ಪುಸ್ತಕದಾಗ ಬರದೆ. ಮೂರನೇ ದಿನ ನಾಲ್ಕು ತಿಂಗಳ ಪಿಂಚಣಿ, ಕಿವಿ ಬೆಂಡೋಲಿ ಎರಡೂ ನಾವು ಕದ್ದೀವಿ ಅಂತ ಓಣ್ಯಾಗ ನಿಂತು ಒದರಿದ. ಪುಸ್ತಕ ತಗದೆ. ನಾಲ್ಕೂ ತಿಂಗಳು 1,200 ತಗೊಂಡಿದ್ದಕ್ಕ ಅವಂದೇ ಸಹಿ. ಒಂದು ಮನಿಗೆ ಕೆಲಸಕ್ಕ ಸೇರೋ ದಿನ ಮೊದಲ ಹಾಳ್ಯಾಗ ಮೈಮ್ಯಾಲಿನ ಬಂಗಾರ ಬರೀತೀವಿ, ಅಲ್ಲಿ "ಕಿವ್ಯಾಗ ಏನೂ ಇಲ್ಲ" ಅಂತ ಇತ್ತು, ಕೆಳಗ ಅವನ ಸಹಿನೇ. ಮಾತಾಡ್ದಂಗ ಒಳಗ ಹೋದ.

ಅಜ್ಜೀನೇ ಆಮ್ಯಾಗ ಕೇಳಿದ್ರು, ಊಟ ಔಷಧಿಗೆ ಮಗನ ಕಡಿಂದ ರೊಕ್ಕ ಬರಾಕ ಏನರ ದಾರಿ ಐತೇನು ಅಂತ. 2007ರ ಹಿರಿಯ ನಾಗರಿಕರ ಕಾಯ್ದೆ ಓದಿ ಹೇಳಿದೆ. ಎಸಿ (ಅಸಿಸ್ಟಂಟ್ ಕಮಿಷನರ್) ಸಾಹೇಬ್ರ ಮುಂದ ಟ್ರಿಬ್ಯೂನಲ್, ಅಂದ್ರ ಇಂಥಾ ಅರ್ಜಿ ವಿಚಾರಣಿ ಮಾಡೋ ನ್ಯಾಯಮಂಡಳಿ, ವಕೀಲರು ಬೇಕಿಲ್ಲ, ಅರ್ಜಿ ಹಾಕಾಕ ಆಗದವ್ರು ಬ್ಯಾರೆಯವ್ರಿಗೆ ಅಧಿಕಾರ ಕೊಡಬಹುದು, ತಿಂಗಳಿಗೆ 10,000 ತನಕ ಜೀವನಾಂಶ ಕೊಡಸಾಕ ಬರ್ತೈತಿ. ಅವರು ಹ್ಞೂಂ ಅಂದ ಮ್ಯಾಲೇ ಅರ್ಜಿ ಬರದೆ. ಊಟ, ಔಷಧಿ, ರೊಕ್ಕದ ಹಾಳಿ ಅಷ್ಟೇ ಜೋಡಿಸಿದೆ, ಅವರ ಉಚ್ಚಿ ಹೇಲಿನ ಲೆಕ್ಕ ಆಫೀಸಿಗೆ ಯಾಕ ಬೇಕು. ಐದಾರು ತಿಂಗಳು ಓಡಾಡಿದ ಮ್ಯಾಲೆ ಮಗ ತಿಂಗಳಿಗೆ 4,000 ಕೊಡಬೇಕಂತ ಆರ್ಡರ್ ಆತು. ಆ ಮನಿ ಪಗಾರ ನಡುವ ಮೂರು ತಿಂಗಳು ನಿಂತಿತ್ತು, ಆದ್ರೂ ಹೋಗೋದು ಬಿಡ್ಲಿಲ್ಲ. ಪಗಾರ ಕೊಡೋನು ಮಗ ಇರಬಹುದು, ನಾವು ಉತ್ತರ ಕೊಡಬೇಕಾದ್ದು ಹಾಸಿಗ್ಯಾಗ ಇರೋರಿಗೆ.

ಅವತ್ತು ಬ್ಯಾಡ ಅಂದೋರೇ ಈಗ ಪುಸ್ತಕ ಕೇಳಾಕ ಬರ್ತಾರ, ಎರಡು ಕೊಟ್ಟೀನಿ. ಆ ಅಜ್ಜಿ ಸಂಜಿ ಆದ್ರ "ಓದವಾ, ಏನ್ ಬರ್ದಿ" ಅಂತಾರ. ನಿನ್ನೆ "ಮುಂಜಾನೆ ಎರಡು ಇಡ್ಲಿ" ಅಂತ ಓದಿದೆ. "ಒಂದೂವರಿ, ಅರ್ಧ ಬೆಕ್ಕಿಗೆ ಹಾಕಸ್ದೆ" ಅಂತ ತಿದ್ದಿಸಿ, ಆಮ್ಯಾಗ ಹೆಬ್ಬಟ್ಟು ಒತ್ತಿದ್ರು.